ಕೂಡುರಸ್ತೆಯ ವೀರಗಲ್ಲು ಎಲ್ಲಿರಬೇಕು: ಊರಿನಲ್ಲೋ, ಮ್ಯೂಸಿಯಮ್ಮಿನಲ್ಲೋ?

ಕೂಡುರಸ್ತೆಯ ನಿವಾಸಿ

ಎಲ್ಲರಿಗೂ ನಮಸ್ಕಾರ. ಬೇಲೂರು ಮತ್ತು ಚಿಕ್ಕಮಗಳೂರುಗಳ ನಡುವಿನ ಸೀಮೆಯಲ್ಲಿ ನಾಲ್ಕು ದಾರಿಗಳು ಸೇರುವ ಒಂದು ಸಣ್ಣ ಜಾಗದಲ್ಲಿ ನಾನು ಹುಟ್ಟಿ ಬೆಳೆದವನು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹಳೆಯ ಕಲ್ಲು ಇಂಥಲ್ಲಿದೆ ಎಂದು ಗೊತ್ತಾದರೆ ಸಾಕು, ಅದರ ಕೆಳಗೆ ಕೊಪ್ಪರಿಗೆ ಹೊನ್ನಿದೆಯೆಂದು ನಂಬಿ ಅಮಾವಾಸ್ಯೆಯ ರಾತ್ರಿ ಹಾರೆ ಗುದ್ದಲಿ ಹಿಡಿದು ಬರುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರು ಬಂದುಹೋದ ಮೇಲೆ ಉಳಿಯುವುದು ಒಡೆದ ಕಲ್ಲು ಮಾತ್ರ.

ನಮ್ಮಲ್ಲಿ ಇರುವುದು ಒಂದು ಹೋಟೆಲು, ಹಾಲಿನ ಡೇರಿ, ಎರಡು ಅಂಗಡಿ, ಬಸ್ಸಿನ ತಂಗುದಾಣ, ಅದರ ಹಿಂದೆ ನಾಗರಕಲ್ಲುಗಳಿರುವ ಅರಳಿಕಟ್ಟೆ. ದಾರಿಯಂಚಿನಲ್ಲಿ, ಕಾದಾಡಿ ಮಡಿದವನೊಬ್ಬನ ನೆನಪಿಗೆ ನಿಲ್ಲಿಸಿದ ಒಂದು ವೀರಗಲ್ಲು, ಅದರಿಂದ ಇಪ್ಪತ್ತು ಹೆಜ್ಜೆ ಆಚೆಗೆ ಒಂದು ಹೊರೆಗಲ್ಲು ಇದ್ದವು. ಹೊರೆಗಲ್ಲನ್ನು ಈಗಿನ ಮಕ್ಕಳು ನೋಡಿರಲಾರರು. ಎರಡು ನಿಲುವುಗಲ್ಲುಗಳ ಮೇಲೆ ಹೆಗಲೆತ್ತರಕ್ಕೆ ಅಡ್ಡಲಾಗಿ ಒಂದು ಚಪ್ಪಡಿ ಹಾಸಿರುತ್ತದೆ. ಸಂತೆಗೆ ತಲೆಹೊರೆ ಹೊತ್ತು ಹೋಗುವವರು ಬೇರೆಯವರ ಕೈ ಬೇಡದೆ, ಬಗ್ಗದೆ, ಹೊರೆಯನ್ನು ಅದರ ಮೇಲೆ ಜಾರಿಸಿ ಉಸಿರು ಬಿಟ್ಟು, ಮತ್ತೆ ತಾವೇ ತಲೆಗೇರಿಸಿಕೊಂಡು ನಡೆಯುತ್ತಿದ್ದರು. ನನ್ನ ಅಜ್ಜಿ ಭತ್ತದ ಮೂಟೆಯನ್ನು ಅಲ್ಲಿ ಇಳಿಸಿದ್ದನ್ನು ಹೇಳುವಾಗಲೆಲ್ಲ ಕೈಯಿಂದ ಕುತ್ತಿಗೆಯ ಹಿಂಭಾಗವನ್ನು ಸವರಿಕೊಳ್ಳುತ್ತಿದ್ದರು.

ಕಳೆದ ತಿಂಗಳು ರಸ್ತೆ ಅಗಲ ಮಾಡುವ ಕೆಲಸ ನಮ್ಮ ಕೂಡುರಸ್ತೆಗೆ ಬಂದಿತು. ಬೆಳಿಗ್ಗೆ ನಾನು ಡೇರಿಗೆ ಹಾಲು ಹಾಕಲು ಹೋಗುವಷ್ಟರಲ್ಲಿ ಜೆಸಿಬಿ ಯಂತ್ರವು ಹೊರೆಗಲ್ಲನ್ನು ಕಿತ್ತು ಚರಂಡಿಗೆ ತಳ್ಳಿತ್ತು, ಚಪ್ಪಡಿ ಎರಡು ತುಂಡಾಗಿತ್ತು. ವೀರಗಲ್ಲಿನ ಬುಡದ ಮಣ್ಣನ್ನು ತೆಗೆದಿದ್ದರು, ಕಲ್ಲು ವಾಲಿತ್ತು. ಊರಿನ ಹೆಂಗಸರು ಬಂದು ಅಡ್ಡ ನಿಂತಿದ್ದರಿಂದ ಆ ದಿನಕ್ಕೆ ಕೆಲಸ ನಿಂತಿತು. ಈಗ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ಕಲ್ಲನ್ನು ಸರ್ಕಾರದ ಮ್ಯೂಸಿಯಮ್ಮಿಗೆ ಒಪ್ಪಿಸಿದರೆ ಭದ್ರವಾಗಿರುತ್ತದೆ ಎಂದು ಕೆಲವರು ಹೇಳುತ್ತಾರೆ. ನೂರಾರು ವರ್ಷ ಇಲ್ಲಿ ನಿಂತ ಕಲ್ಲು ಇಲ್ಲೇ ಇರಬೇಕು ಎಂಬುದು ನನ್ನ ಹಾಗೂ ಇನ್ನು ಕೆಲವರ ಮಾತು. ಬಲ್ಲವರು ದಾರಿ ತೋರಬೇಕೆಂದು ಕೇಳಿಕೊಳ್ಳುತ್ತೇನೆ.

ನಿವೃತ್ತ ಕನ್ನಡ ಉಪನ್ಯಾಸಕ, ಹಾಸನ

ಮಾನ್ಯರೇ, ಮೊದಲು ಮಾಡಬೇಕಾದ ಕೆಲಸವೆಂದರೆ ನಿಮ್ಮ ಕಲ್ಲು ಈಗಾಗಲೇ ಎಲ್ಲಾದರೂ ದಾಖಲಾಗಿದೆಯೇ ಎಂದು ನೋಡುವುದು. ಬಿ.ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಊರೂರುಗಳ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಅದರ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಅದರಲ್ಲಿ ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ, ಊರು, ಕಲ್ಲು ನಿಂತಿರುವ ಜಾಗ ಇಷ್ಟನ್ನೂ ಕೊಟ್ಟಿರುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯು ಈ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದೆ. ನಿಮ್ಮ ಜಿಲ್ಲಾ ಗ್ರಂಥಾಲಯದಲ್ಲಿ ಸಿಗಬೇಕು.

ಆದರೆ ರೈಸ್ ಅವರ ಪಟ್ಟಿಯಲ್ಲಿ ಇಲ್ಲದ ಕಲ್ಲಿಗೆ ಬೆಲೆಯಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ತಾಲ್ಲೂಕಿನ ಹಲ್ಮಿಡಿಯನ್ನೇ ನೋಡಿ. ಊರಿನ ವೀರಭದ್ರ ದೇವಸ್ಥಾನದ ಮುಂದೆ ನಿಂತಿದ್ದ ಸಣ್ಣ ಕಲ್ಲು ಅದು. ಎರಡೂವರೆ ಅಡಿ ಎತ್ತರ, ಒಂದು ಅಡಿ ಅಗಲ, ತಲೆಯ ಮೇಲೆ ಒಂದು ಚಕ್ರ, ಹದಿನಾರು ಸಾಲು ಬರಹ. ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಲೋಕದ ಗಮನಕ್ಕೆ ತಂದರು. ಸುಮಾರು ಕ್ರಿ.ಶ. 450ರದೆಂದು ಹೇಳುವ ಈ ಶಾಸನ ರೈಸ್ ಅವರ ಸಂಪುಟದ ಹೊರಗೇ ಉಳಿದಿತ್ತು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಬಂದಾಗ, ಭಾಷೆಯ ಹಳಮೆಗೆ ಎಲ್ಲರೂ ಮೊದಲು ಬೊಟ್ಟು ಮಾಡಿ ತೋರಿಸಿದ್ದು ಇದೇ ಕಲ್ಲನ್ನು.

ಅದರ ವಿಷಯವೂ ನಿಮ್ಮ ವೀರಗಲ್ಲಿಗೆ ಹತ್ತಿರದ್ದೇ. ಕದಂಬ ಕಕುಸ್ಥನ ಆಳ್ವಿಕೆಯಲ್ಲಿ ಕೇಕಯ ಮತ್ತು ಪಲ್ಲವರ ಎದುರು ಹೋರಾಡಿ ಗೆದ್ದ ವಿಜ ಅರಸನಿಗೆ 'ಪಲ್ಮಿಡಿಉಂ ಮೂಳಿವಳ್ಳಿಉಂ ಕೊಟ್ಟಾರ್' ಎಂದಿದೆ. ಆ ಕೊಡುಗೆಗೆ 'ಬಾಳ್ಗಳ್ಚು' ಎಂದು ಹೆಸರು. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಯುದ್ಧ ಮುಗಿದು ಕತ್ತಿಯ ರಕ್ತ ತೊಳೆಯುವ ಹೊತ್ತಿನಲ್ಲಿ ವೀರನಿಗೆ ಸಲ್ಲುತ್ತಿದ್ದ ಭೂಮಿ ಅದು. ಪಕಾರ ಹಕಾರವಾಗಿ ಪಲ್ಮಿಡಿ ಹಲ್ಮಿಡಿಯಾದುದನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಆದರೆ ಮೊದಲ ಬಾರಿ ಹಲ್ಮಿಡಿಗೆ ಹೋಗಿ ಊರಿನ ನಾಮಫಲಕದ ಮುಂದೆ ನಿಂತಾಗ, ಸಾವಿರದ ಐನೂರು ವರ್ಷಗಳಿಂದ ಒಂದು ಊರು ಅದೇ ಹೆಸರಿನಲ್ಲಿ ಉಸಿರಾಡುತ್ತಿದೆ ಎಂಬುದು ಮೈಗೆ ತಾಗಿತು. ಮೂಲ ಕಲ್ಲು ಮೈಸೂರಿಗೆ ಹೋಗಿದೆ. ಊರಿನ ಮಂಟಪದಲ್ಲಿರುವುದು ಫೈಬರಿನ ಪ್ರತಿಕೃತಿ.

ನನ್ನ ಅಭಿಪ್ರಾಯ ಕೇಳಿದರೆ, ಕಾವಲಿಲ್ಲದ ದಾರಿಯಂಚಿಗಿಂತ ಮ್ಯೂಸಿಯಂ ಲೇಸು. ಕಲ್ಲು ಉಳಿದರೆ ತಾನೇ ಮುಂದಿನ ಮಾತು.

ಮದ್ದೂರು ಕಡೆಯವಳು

ಉಪನ್ಯಾಸಕರಿಗೆ ವಂದಿಸಿ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನಮ್ಮ ತಾಲ್ಲೂಕಿನ ಆತಕೂರಿನ ಕಲ್ಲಿನ ಕಥೆ ಎಲ್ಲರಿಗೂ ಗೊತ್ತಿರುತ್ತದೆ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಬೂತುಗನ ಆಳು ಮಣಲೆರನು ತೋರಿದ ಪರಾಕ್ರಮವನ್ನು ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ ಮಣಲೆರನು ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ಕಾಳಿಯು ಮುಂದೆ ಒಂದು ಕಾಡುಹಂದಿಯೊಡನೆ ಹೋರಾಡಿತು, ಹಂದಿ ಮತ್ತು ನಾಯಿ ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿನಲ್ಲಿ ಹಂದಿಯೂ ನಾಯಿಯೂ ಒಂದನ್ನೊಂದು ಕಚ್ಚಿಹಿಡಿದು ನಿಂತಿವೆ.

ಆ ಶಾಸನದಲ್ಲಿ ಒಂದು ಷರತ್ತಿದೆ. ಗುಡಿಯನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ, ನಾಯಿ ಗೆಯ್ದ ಪಾಪವು ಅವನಿಗೆ ತಟ್ಟುತ್ತದೆ ಎಂದು. ಬರೆಸಿದವರ ಆಸೆ ಏನೆಂಬುದು ಇದರಿಂದ ಸ್ಪಷ್ಟವಿದೆ. ಕಲ್ಲು ಆ ಗುಡಿಯ ಮುಂದೆ ಇರಬೇಕು, ದಿನವೂ ಅಲ್ಲಿ ಯಾರಾದರೂ ಅದರ ಮುಂದೆ ನಿಲ್ಲಬೇಕು. ಈಗ ಆ ಕಲ್ಲು ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ನಾನು ನೋಡಿ ಬಂದಿದ್ದೇನೆ. ಚೆನ್ನಾಗಿಯೇ ಇಟ್ಟಿದ್ದಾರೆ, ಅದರಲ್ಲಿ ತಕರಾರಿಲ್ಲ. ಆದರೆ ಅದರ ಮುಂದೆ ನಿಂತವರಿಗೆ ಆತಕೂರು ಯಾವ ದಿಕ್ಕಿಗಿದೆ ಎಂಬುದೂ ತಿಳಿಯುವುದಿಲ್ಲ. ನಿಮ್ಮ ಕಲ್ಲನ್ನು ಕಳಿಸಬೇಡಿ. ಒಮ್ಮೆ ಕಳಿಸಿದರೆ ಮರಳಿ ತರುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಮೂಡಿಗೆರೆಯ ಓದುಗ

ಒಂದು ಸಣ್ಣ ಸೇರ್ಪಡೆ. ನಿಮ್ಮ ಕೂಡುರಸ್ತೆಯಲ್ಲಿ ಹಿಂದೆ ಕೈಮರ ಇತ್ತೇ ಎಂದು ಹಿರಿಯರನ್ನು ಕೇಳಿ ನೋಡಿ. ದಾರಿ ತೋರಿಸುವ ಹಲಗೆಗಳನ್ನು ಕೈಯಂತೆ ಚಾಚಿಕೊಂಡು ನಿಂತ ಮರದ ಕಂಬಕ್ಕೆ ನಮ್ಮಲ್ಲಿ ಕೈಮರ ಎನ್ನುತ್ತಿದ್ದರು. ಚಿಕ್ಕಮಗಳೂರಿನಿಂದ ಬಾಬಾಬುಡನ್ ಗಿರಿಗೆ ಹೋಗುವ ದಾರಿಯ ಕೈಮರಕ್ಕೆ ಆ ಹೆಸರೇ ನಿಂತಿತು. ನಮ್ಮ ಮೂಡಿಗೆರೆಯಲ್ಲಿ ಮತ್ತು ಎಚ್.ಡಿ. ಕೋಟೆಯಲ್ಲಿ ಅದೇ ವಸ್ತು ಹ್ಯಾಂಡ್‌ಪೋಸ್ಟ್ ಆಯಿತು. ಮರ ಹೋಗಿ ಎಷ್ಟೋ ಕಾಲವಾಗಿದ್ದರೂ ಬಸ್ಸಿನ ಕಂಡಕ್ಟರು ಇವತ್ತಿಗೂ 'ಹ್ಯಾಂಡ್‌ಪೋಸ್ಟ್ ಯಾರ್ರೀ ಇಳಿಯೋರು' ಎಂದೇ ಕೂಗುತ್ತಾರೆ. ಇಂಥ ಹೆಸರುಗಳನ್ನೂ ಬರೆದಿಡಿ. ಕಲ್ಲಿಗಿಂತ ಬೇಗ ಅಳಿಸಿಹೋಗುವುದು ಅವೇ.

ರಸ್ತೆ ಕೆಲಸದ ಇಂಜಿನಿಯರ್

ನಾನು ಈ ವೃತ್ತಿಯಲ್ಲೇ ಇರುವವನು, ಆದರೆ ನಿಮ್ಮ ಊರಿನ ಕೆಲಸಕ್ಕೂ ನನಗೂ ಸಂಬಂಧವಿಲ್ಲ. ನಿಜ ಸಂಗತಿಯನ್ನು ಹೇಳುತ್ತೇನೆ. ರಸ್ತೆಯ ಅಂದಾಜುಪಟ್ಟಿ ತಯಾರಿಸುವಾಗ ಕಡಿಯಬೇಕಾದ ಮರಗಳು, ಸರಿಸಬೇಕಾದ ವಿದ್ಯುತ್ ಕಂಬಗಳು, ನೀರಿನ ಪೈಪುಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಅವಕ್ಕೆಂದು ಹಣವೂ ಇರುತ್ತದೆ. ದಾರಿಬದಿಯ ಕಲ್ಲು ಆ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಯಂತ್ರ ಓಡಿಸುವವನ ಕಣ್ಣಿಗೆ ಬರಿಯ ಬಂಡೆಯೇ. ಅವನಿಗೆ ದಿನಕ್ಕೆ ಇಷ್ಟು ಮೀಟರು ಎಂದು ಹೇಳಿ ಕಳಿಸಿರುತ್ತಾರೆ.

ಆದ್ದರಿಂದ ನೀವು ಜಗಳವಾಡುವುದಕ್ಕಿಂತ ಮೊದಲು ಕಾಗದ ಮಾಡಿ. ಗ್ರಾಮ ಸಭೆಯಲ್ಲಿ ಈ ಕಲ್ಲುಗಳು ಊರಿನ ಆಸ್ತಿ ಎಂದು ಠರಾವು ಮಾಡಿಸಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಸಹಿಯೊಂದಿಗೆ ಅದರ ಪ್ರತಿಯನ್ನು ರಸ್ತೆ ಮಾಡಿಸುತ್ತಿರುವ ಇಲಾಖೆಗೆ, ತಹಶೀಲ್ದಾರರಿಗೆ ಮತ್ತು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಜಂಟಿ ಸ್ಥಳ ಪರಿಶೀಲನೆ ಬೇಕೆಂದು ಅದರಲ್ಲೇ ಬರೆಯಿರಿ. ಅರಳಿಮರದ ಕಡೆಗೂ ಕೆಲಸ ಚಾಚುವುದಾದರೆ, 1976ರ ಮರಗಳ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಪಡೆದಿದ್ದಾರೆಯೇ ಎಂದು ಕೇಳಿ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಉದಾಹರಣೆ ನಿಮ್ಮ ಬೆನ್ನಿಗಿದೆ. ಸಾಲುಮರದ ತಿಮ್ಮಕ್ಕನವರು ಬೆಳೆಸಿದ 385 ಆಲದ ಮರಗಳು ಅಗಲೀಕರಣಕ್ಕೆ ಬಲಿಯಾಗುವ ಭಯ 2019ರಲ್ಲಿ ಎದುರಾದಾಗ, ಅವರು ಸರ್ಕಾರದ ಬಾಗಿಲಿಗೆ ಹೋಗಿ ಕೇಳಿಕೊಂಡರು, ಮರ ಕಡಿಯದೆ ಬೇರೆ ದಾರಿ ನೋಡುವ ಭರವಸೆ ಸರ್ಕಾರದಿಂದಲೇ ಬಂದಿತು.

ಕಲ್ಲನ್ನು ಸರಿಸುವುದು ಅನಿವಾರ್ಯವಾದರೆ ಕಬ್ಬಿಣದ ಸರಪಳಿ ಹಾಕಿ ಎತ್ತಲು ಬಿಡಬೇಡಿ, ಅಂಚು ಸಿಡಿದುಹೋಗುತ್ತದೆ. ಗೋಣಿಚೀಲ ಸುತ್ತಿ ಅಗಲವಾದ ಬಟ್ಟೆಯ ಬೆಲ್ಟಿನಿಂದ ಎತ್ತಿಸಿ. ವೀರಗಲ್ಲಿನ ಬುಡ ಬಹಳ ಆಳದವರೆಗೆ ಮಣ್ಣಿನಲ್ಲಿರುತ್ತದೆ, ಅದನ್ನು ಪೂರ್ತಿ ಕೈಯಿಂದಲೇ ಬಿಡಿಸಬೇಕು. ಎತ್ತುವ ಮುನ್ನ ಮುಖ ಯಾವ ದಿಕ್ಕಿಗಿದೆ ಎಂದು ಅಳತೆಯೊಂದಿಗೆ ಫೋಟೊ ತೆಗೆದಿಡಿ.

ನಿವೃತ್ತ ಕನ್ನಡ ಉಪನ್ಯಾಸಕ, ಹಾಸನ

ಮದ್ದೂರಿನ ಸೋದರಿಯ ಮಾತಿನಲ್ಲಿ ಹುರುಳಿದೆ. ಆದರೆ ಪೂಜೆಯ ವಿಷಯದಲ್ಲಿ ನನಗೊಂದು ಅಳಲಿದೆ. ನೂರಾರು ಊರುಗಳಲ್ಲಿ ನಾನು ನೋಡಿದ್ದೇನೆ, ವೀರಗಲ್ಲಿಗೆ ಎಣ್ಣೆ ಹಚ್ಚಿ ಹಚ್ಚಿ ಅಂಗುಲ ದಪ್ಪದ ಕಿಟ್ಟ ಕಟ್ಟಿರುತ್ತದೆ, ಮೇಲೆ ಅರಿಶಿನ ಕುಂಕುಮ, ಇತ್ತೀಚೆಗೆ ಎನಾಮಲ್ ಬಣ್ಣ ಬೇರೆ. ಶಿಲ್ಪದ ಹಂತಗಳ ನಡುವಿನ ಪಟ್ಟಿಕೆಗಳಲ್ಲಿ ಕೆತ್ತಿದ ಅಕ್ಷರಗಳು ಉಸಿರು ಕಟ್ಟಿ ಒಳಗೇ ಉಳಿಯುತ್ತವೆ. ಕೆಲವೆಡೆ ಶುಚಿ ಮಾಡುವ ಹುಮ್ಮಸ್ಸಿನಲ್ಲಿ ಆಸಿಡ್ ಸುರಿದು ಮುಖವನ್ನೇ ಕೆಡಿಸಿದ್ದಾರೆ.

ಮದ್ದೂರು ಕಡೆಯವಳು

ಸರ್, ಆ ಎಣ್ಣೆ ಹಚ್ಚಿದವರೇ ಆ ಕಲ್ಲನ್ನು ಇಷ್ಟು ದಿನ ಕಾದವರು. ಓದಲು ಬಾರದ ಅಕ್ಷರವನ್ನು, ಹೆಸರು ಗೊತ್ತಿಲ್ಲದ ವೀರನನ್ನು ಅವರು ದೇವರೆಂದು ಹಿಡಿದುಕೊಂಡರು. ಹಾಗೆ ಹಿಡಿದುಕೊಳ್ಳದೆ ಬಿಟ್ಟ ಕಲ್ಲುಗಳು ಮೋರಿಯ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ ಹೋಗಿವೆ. ಈ ಊರಿನಲ್ಲಿಯೂ ಯಂತ್ರಕ್ಕೆ ಅಡ್ಡ ನಿಂತವರು ದೀಪ ಹಚ್ಚುವ ಹೆಂಗಸರೇ ಎಂಬುದನ್ನು ತಾವು ಗಮನಿಸಬೇಕು. ಎಣ್ಣೆಯನ್ನು ಕಲ್ಲಿಗೆ ಹಚ್ಚದೆ ಎದುರಿನ ಹಣತೆಗೆ ಹಾಕಿ ಎಂದು ವಿನಯವಾಗಿ ಹೇಳಿದರೆ ಅವರು ಕೇಳುತ್ತಾರೆ. ನಾನು ನಮ್ಮೂರಿನಲ್ಲಿ ಹೇಳಿದ್ದೇನೆ, ಕೇಳಿದ್ದಾರೆ.

ನಿವೃತ್ತ ಕನ್ನಡ ಉಪನ್ಯಾಸಕ, ಹಾಸನ

ಒಪ್ಪಿದೆ, ತಾಯಿ. ಇದನ್ನು ನಾನು ಈ ಬದಿಯಿಂದ ಯೋಚಿಸಿರಲಿಲ್ಲ.

ಬೆಂಗಳೂರಿನಲ್ಲಿರುವ ಊರಿನ ಮಗಳು

ನಾನು ಇದೇ ಕೂಡುರಸ್ತೆಯ ಊರಿನವಳು, ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದೇನೆ. ಊರಿನಲ್ಲೂ ಇಟ್ಟುಕೊಂಡು ಭದ್ರವಾಗಿಯೂ ಇಡುವ ದಾರಿ ಇದೆ ಎನ್ನುವುದಕ್ಕೆ ಇಲ್ಲಿಯೇ ಒಂದು ಉದಾಹರಣೆ ಸಿಕ್ಕಿತು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ವೇಳೆ ಒಂದು ವೀರಗಲ್ಲು ಹೊರಬಂದಿತು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು 750ರ ಕಲ್ಲು. ಅದರಲ್ಲಿ ಕಿತ್ತಯ್ಯ ಎಂಬ ವೀರನ ಹೆಸರಿದೆ, ಪೆರ್ಬೊಳಲ್ ನಾಡು ಎಂದು ಹೆಬ್ಬಾಳದ ಹಳೆಯ ಹೆಸರೂ ಇದೆ. ಆಸಕ್ತರು ಮತ್ತು ಅಲ್ಲಿಯ ಜನ ಸೇರಿ ಅದನ್ನು ಅದೇ ಊರಿನಲ್ಲಿ ಉಳಿಸಿಕೊಂಡು ಮಂಟಪ ಕಟ್ಟಿಸಿದರು. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದ್ದಾರೆ. ಅಂಥ ದಾಖಲೆಯಲ್ಲಿ ಬರಿಗಣ್ಣಿಗೆ ಕಾಣದ ಅಕ್ಷರದ ಗೀರು ಕೂಡ ಮೂಡುತ್ತದೆ. ನಾಳೆ ಕಲ್ಲಿಗೆ ಏನಾದರೂ ಆದರೂ ಅದರ ಮಾತು ಉಳಿಯುತ್ತದೆ.

ಬೇಲೂರಿನ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದಿನ ನಾನು ಇಲ್ಲಿ ಸಹೋದ್ಯೋಗಿಗಳಿಗೆಲ್ಲ ಸಿಹಿ ಹಂಚಿದ್ದೆ. ಅದೇ ತಾಲ್ಲೂಕಿನಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಈ ಕಲ್ಲನ್ನು ನಾನು ಒಮ್ಮೆಯೂ ಹತ್ತಿರ ಹೋಗಿ ನೋಡಿರಲಿಲ್ಲ. ಶಾಲೆಯ ಬಸ್ಸಿಗೆ ಕಾಯುವಾಗ ಅದಕ್ಕೆ ಒರಗಿ ನಿಲ್ಲುತ್ತಿದ್ದೆ, ಅಷ್ಟೆ. ಮುಂದಿನ ಭಾನುವಾರ ಬರುತ್ತಿದ್ದೇನೆ, ಅಣ್ಣ. ಕ್ಯಾಮೆರಾ ತರುತ್ತೇನೆ. ಮಂಟಪದ ಖರ್ಚಿನಲ್ಲಿ ನನ್ನದೊಂದು ಪಾಲು ಇರಲಿ.

ಕೂಡುರಸ್ತೆಯ ನಿವಾಸಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಸಲಹೆಗಳನ್ನೂ ಮುದ್ರಿಸಿಕೊಂಡು ಗ್ರಾಮ ಸಭೆಗೆ ಒಯ್ದಿದ್ದೆ. ಠರಾವು ಆಯಿತು. ಸ್ಥಳಕ್ಕೆ ಬಂದ ಅಧಿಕಾರಿಗಳು ಕಲ್ಲು ಡಾಂಬರಿನ ಅಂಚಿಗೆ ತೀರ ಹತ್ತಿರ ಬರುವುದರಿಂದ ಅಲ್ಲೇ ಬಿಟ್ಟರೆ ವಾಹನ ತಾಗುವ ಅಪಾಯವಿದೆ ಎಂದರು. ಅದು ಸರಿಯಾದ ಮಾತೇ ಆಗಿತ್ತು. ಕೊನೆಗೆ ಹನ್ನೆರಡು ಅಡಿ ಹಿಂದಕ್ಕೆ, ಅರಳಿಕಟ್ಟೆಯ ಬಲಬದಿಗೆ, ಮೊದಲಿದ್ದ ದಿಕ್ಕಿಗೇ ಮುಖ ಮಾಡಿ ನಿಲ್ಲಿಸುವುದೆಂದು ಎಲ್ಲರೂ ಒಪ್ಪಿದೆವು. ಕಲ್ಲಿನ ಮೇಲಿನದನ್ನು ಕಾಗದಕ್ಕೆ ಒತ್ತಿ ಪಡಿಯಚ್ಚು ತೆಗೆಯಬಲ್ಲವರನ್ನು ಕಳಿಸಿಕೊಡಲು ಇಲಾಖೆಗೆ ಬರೆದಿದ್ದೇವೆ.

ಕಲ್ಲನ್ನು ಎತ್ತುವ ಹಿಂದಿನ ದಿನ ಬರಿಯ ನೀರಿನಲ್ಲಿ ಮೆತ್ತನೆಯ ಬ್ರಷ್ ಹಿಡಿದು ತೊಳೆದೆವು. ಉಪನ್ಯಾಸಕರು ಹಾಸನದಿಂದ ಬಸ್ಸಿನಲ್ಲಿ ಬಂದಿದ್ದರು. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ, ಸಂಜೆಯ ಓರೆ ಬೆಳಕು ಬರಲಿ ಎಂದು ಹೇಳಿ ನಾಲ್ಕೂವರೆಯವರೆಗೆ ಕಟ್ಟೆಯ ಮೇಲೆ ಕೂಡಿಸಿದರು. ಬಿಸಿಲು ಪಕ್ಕಕ್ಕೆ ತಿರುಗಿದಾಗ ಮೂರು ಹಂತಗಳೂ ಒಂದೊಂದಾಗಿ ಎದ್ದು ಬಂದವು. ಮೇಲೆ ಸೂರ್ಯ ಚಂದ್ರರ ಕೆಳಗೆ ಲಿಂಗ ಮತ್ತು ನಂದಿ. ನಡುವೆ ವೀರನನ್ನು ತೋಳು ಹಿಡಿದು ಕರೆದೊಯ್ಯುವ ಇಬ್ಬರು ಅಪ್ಸರೆಯರು. ಕೆಳಗೆ ಬಿಲ್ಲು ಹಿಡಿದ ಅವನು, ಎದುರಿಗೆ ಮೂವರು, ಹಿಂದೆ ದನಗಳ ಸಾಲು. ಇದು ತುರುಗೋಳಿನ ಕಲ್ಲು, ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಮಡಿದವನದು ಎಂದು ಅವರು ವಿವರಿಸಿದರು. ದನಗಳೆಲ್ಲ ಒಂದು ದಿಕ್ಕಿಗೆ ಓಡುತ್ತಿದ್ದರೆ, ಕೊನೆಯ ಒಂದು ಕರು ಮಾತ್ರ ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿ ಅವನ ಕಡೆಗೆ ನೋಡುತ್ತಿದೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು ಅದರ ಮುಖ. ಐವತ್ತೆರಡು ವರ್ಷ ಈ ಕಲ್ಲಿನ ಪಕ್ಕದಲ್ಲೇ ನಡೆದಾಡಿದ ನನಗೆ ಆ ಕರು ಅಂದು ಮೊದಲ ಬಾರಿಗೆ ಕಂಡಿತು. ಪಟ್ಟಿಕೆಗಳಲ್ಲಿ ಅಕ್ಷರವಿಲ್ಲ, ಅವನ ಹೆಸರು ಸಿಗಲಿಲ್ಲ.

ಬೆಂಗಳೂರಿನ ತಂಗಿ ಬಂದು ಇಡೀ ದಿನ ಫೋಟೊ ತೆಗೆದಳು. ಹೆಂಗಸರು ಕಲ್ಲಿನ ಮುಂದೆ ಎಣ್ಣೆಗೆಂದು ಬೇರೆಯೇ ಒಂದು ದೀಪದ ಕಲ್ಲನ್ನು ಇಟ್ಟಿದ್ದಾರೆ.

ಉಳಿದಿರುವುದು ಹೊರೆಗಲ್ಲು. ನಿಲುವುಗಲ್ಲುಗಳನ್ನು ತಂಗುದಾಣದ ಪಕ್ಕಕ್ಕೆ ತಂದಿಟ್ಟಿದ್ದೇವೆ. ಎರಡು ತುಂಡಾದ ಚಪ್ಪಡಿಯನ್ನು ಸಿಮೆಂಟು ಹಾಕದೆ, ಒಳಗೆ ಸರಳು ಕೂರಿಸಿ ಜೋಡಿಸಬಲ್ಲ ಕಲ್ಲುಕುಟಿಗರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ. ಕೂಲಿ, ಊಟ, ವಸತಿ ಊರಿನದು.